ಪಕ್ಕದ ಮನೆಯ ಹಿತ್ತಿಲು ಮತ್ತು ನಮ್ಮ ತೃಪ್ತಿ

"ಅತಿ ಆಸೆ ಗತಿಗೇಡು" ಎಂಬ ಗಾದೆಯನ್ನು ಶಾಲೆಯಲ್ಲಿ ವಿಸ್ತರಿಸಿ ಬರೆದು ಐದಕ್ಕೆ ನಾಲ್ಕು ಅಂಕ ಪಡೆದವರು ನಾವು. ಅದರ ಅರ್ಥ ತಿಳಿಯಲು ಮಾತ್ರ ಲಾರೆನ್ಸ್‌ವಿಲ್‌ಗೆ ಬರಬೇಕಾಯಿತು.

ನಮ್ಮ ಲಾರೆನ್ಸ್‌ವಿಲ್ ಜಾರ್ಜಿಯಾದ ಗ್ವಿನೆಟ್ ಕೌಂಟಿಯ ಆಡಳಿತ ಕೇಂದ್ರ. ಜಾರ್ಜಿಯಾದಲ್ಲಿ ಒಂದು ಪದ್ಧತಿ ಇದೆ. ಕಂತು ಕಟ್ಟಲಾಗದೆ ಹೋದ ಮನೆಗಳನ್ನು ಪ್ರತಿ ತಿಂಗಳ ಮೊದಲ ಮಂಗಳವಾರ ಕೌಂಟಿ ನ್ಯಾಯಾಲಯದ ಎದುರು ಕೂಗಿ ಹರಾಜು ಹಾಕುತ್ತಾರೆ. ಅದಕ್ಕೂ ಮೊದಲು ನಾಲ್ಕು ವಾರ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. 2008ರ ಆರ್ಥಿಕ ಕುಸಿತದ ನಂತರ ಆ ಪುಟಗಳಲ್ಲಿ ನಾವು ಹುಡುಕುತ್ತಿದ್ದುದು ನಮ್ಮದೇ ವಿಳಾಸವನ್ನು!

ನಡೆದದ್ದು ಇಷ್ಟು. 2004ರಲ್ಲಿ ಸ್ನೇಹಿತರೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆವು. ದೊಡ್ಡ ಮನೆ, ಕೆಳಗೆ ಬೇಸ್‌ಮೆಂಟ್, ಹಿಂದೆ ಕಾಡಿಗೆ ತೆರೆದ ಡೆಕ್. ಹೋಳಿಗೆ ಊಟ ಮಾಡಿ, ಶುಭ ಹಾರೈಸಿ ಹೊರಟೆವು. ಕಾರಿನಲ್ಲಿ ಗಂಡ ಹೆಂಡತಿ ಇಬ್ಬರೂ ಮಾತಾಡಲಿಲ್ಲ. ಬೆಳಿಗ್ಗೆ ಸಾಕಷ್ಟು ದೊಡ್ಡದಾಗಿದ್ದ ನಮ್ಮ ಟೌನ್‌ಹೋಮ್ ರಾತ್ರಿ ಹೊತ್ತಿಗೆ ಚಿಕ್ಕದಾಗಿತ್ತು. ಮೂರೇ ತಿಂಗಳಲ್ಲಿ ನಾವೂ ದೊಡ್ಡ ಮನೆಗೆ ಸಹಿ ಹಾಕಿದೆವು. ಮೊದಲ ಮೂರು ವರ್ಷ ಕಡಿಮೆ ಬಡ್ಡಿ, ಆಮೇಲೆ ಮಾರುಕಟ್ಟೆಯ ದರಕ್ಕೆ ತಕ್ಕಂತೆ ಏರುವ ಸಾಲ ಅದು. 2004ರ ಜೂನ್ ಆರಂಭದಲ್ಲಿ ಶೇಕಡಾ 1 ಇದ್ದ ಫೆಡರಲ್ ರಿಸರ್ವ್‌ನ ದರ 2006ರ ಜೂನ್ ಕೊನೆಗೆ 5.25 ಮುಟ್ಟಿತ್ತು. 2007ರಲ್ಲಿ ನಮ್ಮ ಕಂತು ಏರಿತು. 2009ರಲ್ಲಿ ಕೆಲಸವೂ ಹೋಯಿತು. ಪುಣ್ಯಕ್ಕೆ ಮನೆ ಹರಾಜಿಗೆ ಬರಲಿಲ್ಲ. ಆದರೆ ನಷ್ಟಕ್ಕೆ ಮಾರಿ ಮತ್ತೆ ಚಿಕ್ಕ ಮನೆ ಸೇರಿದೆವು.

ಲೆಕ್ಕ ಹಾಕಲು ಬಾರದವರೇನೂ ನಾವಲ್ಲ. ಹಗಲೆಲ್ಲಾ ಕಂಪ್ಯೂಟರಿಗೆ ಲೆಕ್ಕ ಹೇಳಿಕೊಡುವುದೇ ನಮ್ಮ ಕೆಲಸ. ತಪ್ಪಿದ್ದು ಲೆಕ್ಕವಲ್ಲ, ಮನಸ್ಸು. ಕ್ರೈಸ್ತರಾದ ನಾವು ಆಗ ಬೈಬಲನ್ನು ಹೊಸದಾಗಿ ಓದತೊಡಗಿದೆವು.

ವಿಮೋಚನಕಾಂಡದ 20ನೇ ಅಧ್ಯಾಯದಲ್ಲಿ ಹತ್ತು ಆಜ್ಞೆಗಳಿವೆ. ಕೊಲೆ, ಕಳ್ಳತನ, ಸುಳ್ಳುಸಾಕ್ಷಿ ಮುಂತಾದವು ಹೊರಗೆ ಕಾಣುವ ಕೃತ್ಯಗಳು. ಕೊನೆಯ ಆಜ್ಞೆ ಮಾತ್ರ ನೇರವಾಗಿ ಎದೆಯೊಳಕ್ಕೆ ಕೈಹಾಕುತ್ತದೆ. ನೆರೆಯವನ ಮನೆ, ಹೆಂಡತಿ, ಆಳುಕಾಳು, ದನಕರು ಯಾವುದರ ಮೇಲೂ ಆಸೆಯ ಕಣ್ಣಿಡಬಾರದು ಎನ್ನುತ್ತದೆ. ಮಂಗಳೂರಿನ ಕಥೋಲಿಕರು ಇದನ್ನು ಒಂಬತ್ತು ಮತ್ತು ಹತ್ತು ಎಂದು ಎರಡಾಗಿ ಎಣಿಸುತ್ತಾರೆ. ಹೆಚ್ಚಿನ ಪ್ರೊಟೆಸ್ಟೆಂಟರು ಒಂದೇ ಆಜ್ಞೆಯಾಗಿ ಎಣಿಸುತ್ತಾರೆ. ಎಣಿಕೆ ಹೇಗಿದ್ದರೂ ತಾತ್ಪರ್ಯ ಒಂದೇ. ನಮ್ಮ ಹಿರಿಯರು ಅರಿಷಡ್ವರ್ಗಗಳಲ್ಲಿ ಲೋಭ ಮತ್ತು ಮಾತ್ಸರ್ಯ ಎಂದು ಹೇಳುವ ಎರಡು ಶತ್ರುಗಳೂ ಈ ಒಂದು ಆಜ್ಞೆಯೊಳಗೆ ಸಿಕ್ಕಿಬೀಳುತ್ತವೆ.

ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ದುರಾಶೆಗಿರುವ ಒಂದು ಪದ 'ಪ್ಲಿಯೊನೆಕ್ಸಿಯ'. ಇರುವುದಕ್ಕಿಂತ ಇನ್ನೂ ಹೆಚ್ಚು ಬೇಕೆನ್ನುವುದು ಎಂದು ಅದರ ಭಾವ. 'ಇಷ್ಟು ಬೇಕು' ಎಂದಾದರೆ ಅದಕ್ಕೊಂದು ಕೊನೆ ಇರುತ್ತದೆ. 'ಇನ್ನೂ ಬೇಕು' ಎಂಬುದಕ್ಕೆ ಕೊನೆಯೇ ಇಲ್ಲ. ನಿಲ್ಲಿಸುವ ಷರತ್ತು ಬರೆಯದ ಪ್ರೋಗ್ರಾಮಿನಂತೆ ಸುತ್ತುತ್ತಲೇ ಇರುತ್ತದೆ.

ಒಂದನೆಯ ಅರಸುಗಳ ಗ್ರಂಥದಲ್ಲಿ ಅಹಾಬನೆಂಬ ಅರಸನ ಕಥೆ ಇದೆ. ಅರಮನೆ ಇದ್ದರೂ ಪಕ್ಕದ ನಾಬೋತನ ದ್ರಾಕ್ಷಿ ತೋಟದ ಮೇಲೆ ಅವನ ಕಣ್ಣು. ಯಾತಕ್ಕೆ? ಕಾಯಿಪಲ್ಯ ಬೆಳೆಯಲು! ಪಿತ್ರಾರ್ಜಿತ ಭೂಮಿಯನ್ನು ಕೊಡಲಾರೆ ಎಂದು ನಾಬೋತ ಹೇಳಿದಾಗ ಅರಸ ಊಟ ಬಿಟ್ಟು ಮುಖ ತಿರುಗಿಸಿಕೊಂಡು ಮಲಗಿದ. ರಾಣಿ ಈಜೆಬೆಲಳು ಸುಳ್ಳುಸಾಕ್ಷಿ ಹೇಳಿಸಿ ನಾಬೋತನನ್ನು ಕಲ್ಲೆಸೆದು ಕೊಲ್ಲಿಸಿದಳು. ಹತ್ತನೆಯ ಆಜ್ಞೆ ಮುರಿದ ಮನೆಯಲ್ಲಿ ಸುಳ್ಳು, ಕೊಲೆ, ಕಳವು ಒಂದರ ಹಿಂದೆ ಒಂದು ಬಂದವು.

ನಾವು ಯಾರನ್ನೂ ಕೊಲ್ಲಲಿಲ್ಲ ನಿಜ. ಆದರೆ 2008ರಲ್ಲಿ ಆ ಸ್ನೇಹಿತರ ಮನೆಯ ಬೆಲೆಯೂ ಕುಸಿಯಿತೆಂದು ತಿಳಿದಾಗ ಮನಸ್ಸಿನ ಮೂಲೆಯಲ್ಲಿ ಒಂದು ಸಣ್ಣ ಸಮಾಧಾನ ಆಗಿತ್ತು. ಅದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಮರುವರ್ಷ ನಮ್ಮ ಕೆಲಸ ಹೋದಾಗ ಬಿಸಿಬೇಳೆ ಭಾತಿನ ಡಬ್ಬಿ ಹಿಡಿದು ಮೊದಲು ಬಾಗಿಲು ತಟ್ಟಿದವರು ಅವರೇ.

ಹಾಗಾದರೆ ಇದಕ್ಕೆ ಮದ್ದೇನು? ಪೌಲನು ಫಿಲಿಪ್ಪಿಯ ಸಭೆಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ, ಇದ್ದ ಸ್ಥಿತಿಯಲ್ಲೇ ಸಂತುಷ್ಟನಾಗಿರಲು ತಾನು ಕಲಿತುಕೊಂಡೆನೆಂದು ಹೇಳುತ್ತಾನೆ. ಹೇಳುವಾಗ ಅವನು ಸೆರೆಯಲ್ಲಿದ್ದ. 'ಕಲಿತೆ' ಎಂಬ ಮಾತು ನಮಗೆ ದೊಡ್ಡ ಧೈರ್ಯ ಕೊಟ್ಟಿತು. ತೃಪ್ತಿ ಹುಟ್ಟುಗುಣವಲ್ಲ, ಅಭ್ಯಾಸದಿಂದ ಬರುವ ವಿದ್ಯೆ. ಅಲ್ಲಿ ಬಳಸಿರುವ ಗ್ರೀಕ್ ಪದವನ್ನು ಸ್ಟೋಯಿಕ್ ತತ್ತ್ವಜ್ಞಾನಿಗಳು 'ಯಾರ ಹಂಗೂ ಇಲ್ಲದವನು' ಎಂಬ ಅರ್ಥದಲ್ಲಿ ಬಳಸುತ್ತಿದ್ದರು. ಪೌಲನು ಅದನ್ನೇ ತೆಗೆದುಕೊಂಡು ತನ್ನ ಬಲ ಕ್ರಿಸ್ತನಿಂದ ಎಂದು ಸೇರಿಸಿದ. ಇನ್ನೊಂದು ವಿಶೇಷವೆಂದರೆ, ಆ ಮಾತುಗಳು ಬರುವುದು ಒಂದು ಕೃತಜ್ಞತೆಯ ಒಕ್ಕಣೆಯಲ್ಲಿ! ಫಿಲಿಪ್ಪಿಯವರು ಎಪಫ್ರೊದೀತನ ಕೈಯಲ್ಲಿ ಕಳುಹಿಸಿದ ಸಹಾಯ ತಲುಪಿತೆಂದು ತಿಳಿಸುವಾಗ ಪೌಲನು ತೃಪ್ತಿಯ ಮಾತಾಡುತ್ತಾನೆ. ತೃಪ್ತಿ ಮತ್ತು ದಾನ ಒಂದೇ ಕಾಗದದಲ್ಲಿ ಬಂದಿರುವುದು ಕಾಕತಾಳೀಯವಲ್ಲ ಎಂದು ನಮಗನ್ನಿಸುತ್ತದೆ.

ತೃಪ್ತಿ ಎಂದರೆ ಸೋಮಾರಿತನವಲ್ಲ. ಚೆನ್ನಾಗಿ ದುಡಿಯುವುದು, ಮಕ್ಕಳನ್ನು ಓದಿಸುವುದು ದುರಾಶೆಯಲ್ಲ. ಹಾಗೆಯೇ ಹಸಿದವನಿಗೆ ತೃಪ್ತಿಯ ಉಪದೇಶ ಮಾಡುವುದು ಧರ್ಮವೂ ಅಲ್ಲ. ಅವನಿಗೆ ಬೇಕಾದದ್ದು ಅನ್ನ. ತೃಪ್ತಿಯ ಪಾಠ ಬೇಕಾದದ್ದು ಹೊಟ್ಟೆ ತುಂಬಿದ ನಮ್ಮಂಥವರಿಗೆ.

ನಾವು ರೂಢಿಸಿಕೊಂಡ ಕೆಲವು ಅಭ್ಯಾಸಗಳು ಇಂತಿವೆ:

1. ಅವಶ್ಯಕವಲ್ಲದ ದೊಡ್ಡ ಖರೀದಿಗೆ 30 ದಿನ ಕಾಯುವುದು. ಬಹಳ ಸಲ ಆಸೆ ತಾನಾಗಿ ಇಳಿದಿರುತ್ತದೆ.

2. ಸಂಬಳ ಬಂದ ದಿನವೇ ಕೊಡಬೇಕಾದ ಪಾಲನ್ನು ಎತ್ತಿಡುವುದು. ಉಳಿದರೆ ಕೊಡೋಣ ಎಂದರೆ ಎಂದೂ ಉಳಿಯುವುದಿಲ್ಲ.

3. ರಾತ್ರಿ ಊಟಕ್ಕೆ ಕೂತಾಗ ಮನೆಮಂದಿಯೆಲ್ಲ ಆ ದಿನದ ಒಂದೊಂದು ಒಳಿತಿಗಾಗಿ ದೇವರಿಗೆ ವಂದನೆ ಹೇಳುವುದು.

4. ಯಾರನ್ನು ಕಂಡರೆ ಹೊಟ್ಟೆಯುರಿಯುತ್ತದೆಯೋ ಅವರ ಹೆಸರು ಹಿಡಿದು ಅವರ ಏಳಿಗೆಗಾಗಿ ಪ್ರಾರ್ಥಿಸುವುದು. ಎಲ್ಲಕ್ಕಿಂತ ಕಷ್ಟದ್ದು, ಎಲ್ಲಕ್ಕಿಂತ ಫಲ ಕೊಟ್ಟದ್ದೂ ಇದೇ.

ಆಸೆ ಪೂರಾ ಹೋಗಿದೆಯೇ ಎಂದು ಕೇಳಬೇಡಿ! ಇಂದಿಗೂ ಗೃಹಪ್ರವೇಶದಿಂದ ಹಿಂತಿರುಗುವಾಗ ಕಾರಿನಲ್ಲಿ ಒಂದು ಕ್ಷಣ ಮೌನ ಕವಿಯುತ್ತದೆ. ಆಗ ಇಬ್ಬರಲ್ಲಿ ಒಬ್ಬರು "ಮೊದಲ ಮಂಗಳವಾರ" ಎನ್ನುತ್ತೇವೆ, ಇಬ್ಬರೂ ನಕ್ಕುಬಿಡುತ್ತೇವೆ.

ಓದುಗರೇ, ನೀವು ಈ ಸಂಚಿಕೆಯನ್ನು ಕೈಗೆತ್ತಿಕೊಂಡಿರುವುದೇ ಯಾರಿಗೋ ಏನನ್ನೋ ಕೊಟ್ಟು. ಕೊಡುವ ಕೈಗೆ 'ಸಾಕು' ಎನ್ನುವುದು ಬೇಗ ಬರುತ್ತದೆ ಎಂಬುದು ನಮ್ಮ ಅನುಭವ. ನಿಮ್ಮ ಮನೆಗಳಲ್ಲಿ ಆ ತೃಪ್ತಿ ನೆಲೆಸಲಿ ಎಂದು ಹಾರೈಸುತ್ತೇವೆ.