ಠಾಣೆಯಿಂದ ಆಸ್ಪತ್ರೆಗೆ 164 ವರ್ಷ

ಇಂಫಾಲದ ಜವಾಹರಲಾಲ್ ನೆಹರೂ ಆಸ್ಪತ್ರೆಯ ಒಂದು ವಾರ್ಡು ವರ್ಷಗಟ್ಟಲೆ ಜೈಲೂ ಆಗಿತ್ತು. ಅಲ್ಲಿದ್ದ ಕೈದಿ ಇರೋಮ್ ಶರ್ಮಿಳಾ. 2000ದ ನವೆಂಬರಿನಲ್ಲಿ ಮಾಲೋಮ್‌ನ ಬಸ್ ನಿಲ್ದಾಣದಲ್ಲಿ ಹತ್ತು ಮಂದಿ ನಾಗರಿಕರು ಗುಂಡಿಗೆ ಬಲಿಯಾದ ಮೇಲೆ, ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ ರದ್ದಾಗುವವರೆಗೂ ಉಣ್ಣುವುದಿಲ್ಲ ಎಂದು ಕೂತವರು ಅವರು. ಪೊಲೀಸರು ಹಾಕಿದ್ದು ಆತ್ಮಹತ್ಯೆ ಯತ್ನದ ಕೇಸು, ಭಾರತೀಯ ದಂಡ ಸಂಹಿತೆಯ ಸೆಕ್ಷನ್ 309. ಅದರ ಗರಿಷ್ಠ ಶಿಕ್ಷೆ ಒಂದು ವರ್ಷದ ಸಾದಾ ಸಜೆ. ಹಾಗಾಗಿ ವರ್ಷ ತುಂಬುತ್ತಲೇ ಬಿಡುಗಡೆ, ಉಪವಾಸ ಮುಂದುವರಿಯಿತೆಂದು ಮತ್ತೆ ಬಂಧನ, ಬಲವಂತದ ಆಹಾರಕ್ಕೆ ಮೂಗಿಗೆ ಮತ್ತೆ ನಳಿಕೆ. ತಾನು ಸಾಯಲು ಹೊರಟವಳಲ್ಲ ಎಂದು ಅವರು ಹೇಳುತ್ತಲೇ ಇದ್ದರು. 2014ರ ಆಗಸ್ಟ್‌ನಲ್ಲಿ ಸೆಷನ್ಸ್ ನ್ಯಾಯಾಲಯ ಆ ಮಾತನ್ನು ಒಪ್ಪಿ ಬಿಡುಗಡೆ ಮಾಡಿದರೆ, ಎರಡೇ ದಿನದಲ್ಲಿ ಪೊಲೀಸರು ಮತ್ತೆ ಎತ್ತಿಕೊಂಡು ಹೋದರು. 2016ರ ಆಗಸ್ಟ್ 9ರಂದು ಅವರು ಉಪವಾಸ ಮುಗಿಸುವವರೆಗೂ ಇದೇ ನಡೆಯಿತು.

ಈ ಸೆಕ್ಷನ್ ನಮ್ಮದಲ್ಲ. ಮೆಕಾಲೆಯ ಕರಡಿನಿಂದ ಬೆಳೆದ 1860ರ ದಂಡ ಸಂಹಿತೆಯ ಜೊತೆ ಇಂಗ್ಲೆಂಡಿನಿಂದ ಬಂದದ್ದು. ತನ್ನನ್ನು ತಾನೇ ಕೊಂದುಕೊಂಡವನು ದೇವರಿಗೂ ದೊರೆಗೂ ದ್ರೋಹ ಬಗೆದವನು ಎಂಬುದು ಅಲ್ಲಿನ ಹಳೆಯ ನಂಬಿಕೆ. ಹೆಣವನ್ನು ರಾತ್ರಿ ಹೊತ್ತು ದಾರಿ ಕೂಡುವಲ್ಲಿ ಹೂಳುತ್ತಿದ್ದರು, ಎದೆಗೆ ಗೂಟ ಜಡಿಯುತ್ತಿದ್ದರು, ಆಸ್ತಿ ರಾಜನ ಪಾಲಾಗುತ್ತಿತ್ತು. ಗೂಟದ ಪದ್ಧತಿ 1823ರಲ್ಲಿ, ಆಸ್ತಿ ಮುಟ್ಟುಗೋಲು 1870ರಲ್ಲಿ ನಿಂತವು. 1961ರಲ್ಲಿ ಬ್ರಿಟಿಷ್ ಸಂಸತ್ತು ಅಪರಾಧವನ್ನೇ ತೆಗೆದುಹಾಕಿತು. ಕೊಟ್ಟವರು ಕೈಬಿಟ್ಟ ಮೇಲೂ ಅದನ್ನು 63 ವರ್ಷ ಜೋಪಾನ ಮಾಡಿದವರು ನಾವು.

ಜೈಲಿಗೆ ಹೋದವರು ಕಡಿಮೆ. ಈ ಕಾನೂನಿನ ನಿಜವಾದ ಏಟು ಬೀಳುತ್ತಿದ್ದುದು ಆಸ್ಪತ್ರೆಯ ತುರ್ತು ವಿಭಾಗದಲ್ಲಿ. ಅಲ್ಲಿ ಎಂಎಲ್‌ಸಿ ಎಂಬ ವೈದ್ಯಕೀಯ-ಕಾನೂನು ದಾಖಲೆ ಬರೆಯಬೇಕು, ಠಾಣೆಗೆ ತಿಳಿಸಬೇಕು. ಕೇಸಿನ ತಲೆನೋವು ಬೇಡವೆಂದು ‘ದೊಡ್ಡಾಸ್ಪತ್ರೆಗೆ ಕರಕೊಂಡು ಹೋಗಿ’ ಎನ್ನುವ ನರ್ಸಿಂಗ್ ಹೋಮುಗಳಿದ್ದವು. ‘ಔಷಧಿ ಅಂತ ತಿಳಿದು ಕುಡಿದುಬಿಟ್ಟಳು ಸಾರ್’ ಎಂದು ಮನೆಯವರು ಹೇಳುತ್ತಿದ್ದರು, ವೈದ್ಯರು ನಂಬಿದಂತೆ ಬರೆದುಕೊಳ್ಳುತ್ತಿದ್ದರು. ಚೀಟಿಯಲ್ಲಿ ‘ಆಕಸ್ಮಿಕ’ ಎಂದಾದ ಮೇಲೆ ಮನೋವೈದ್ಯರನ್ನು ಕಾಣಿಸುವ ಮಾತು ಯಾಕೆ ಬರುತ್ತದೆ? ಒಮ್ಮೆ ಯತ್ನಿಸಿದವರೇ ಮತ್ತೆ ಯತ್ನಿಸುವ ಅಪಾಯ ಹೆಚ್ಚು ಎಂಬುದು ವೈದ್ಯಲೋಕಕ್ಕೆ ಗೊತ್ತು. ಸಹಾಯ ಮುಟ್ಟಬೇಕಾದ ಆ ಗಳಿಗೆಯಲ್ಲೇ ಕಾನೂನು ಎಲ್ಲರ ಬಾಯಲ್ಲೂ ಸುಳ್ಳು ಹೇಳಿಸುತ್ತಿತ್ತು.

ಇದು ಯಾರಿಗೂ ಹೊಳೆದಿರಲಿಲ್ಲ ಎನ್ನುವಂತಿಲ್ಲ. 1971ರಲ್ಲೇ ಕಾನೂನು ಆಯೋಗ 42ನೇ ವರದಿಯಲ್ಲಿ 309 ಬೇಡ ಎಂದಿತ್ತು. 1978ರಲ್ಲಿ ರಾಜ್ಯಸಭೆ ತಿದ್ದುಪಡಿ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಲೋಕಸಭೆ ಕೈಗೆತ್ತಿಕೊಂಡು ಮುಗಿಸುವ ಮೊದಲೇ ವಿಸರ್ಜನೆಯಾಯಿತು. ಮಸೂದೆ ಅಲ್ಲಿಗೇ ಬಿತ್ತು.

ಆಮೇಲೆ ಕೋರ್ಟುಗಳ ಸರದಿ. ಮುಂಬೈಯ ಒಬ್ಬ ಪೊಲೀಸ್ ಕಾನ್‌ಸ್ಟೆಬಲ್‌ಗೆ ರಸ್ತೆ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ, ಮಾನಸಿಕ ಕಾಯಿಲೆ ಶುರುವಾಗಿತ್ತು. ಸಂಸಾರ ತೂಗಿಸಲು ಹೆಂಡತಿ ತರಕಾರಿ ಅಂಗಡಿಗೆ ಪಾಲಿಕೆಯ ಪರವಾನಗಿ ಕೇಳಿದ್ದಳು. ಅದು ಸಿಗಲಿಲ್ಲ. 1985ರಲ್ಲಿ ಅದನ್ನೇ ಕೇಳಲು ಪಾಲಿಕೆ ಆಯುಕ್ತರ ಕಚೇರಿಗೆ ಹೋದವನನ್ನು ಒಳಗೆ ಬಿಡಲಿಲ್ಲ. ಅಲ್ಲೇ ಬೆಂಕಿ ಹಚ್ಚಿಕೊಳ್ಳಲು ಹೋದ. ಕಾವಲಿನವರು ತಡೆದರು, ಜೀವ ಉಳಿಯಿತು, 309 ಬಿತ್ತು. ಬಾಂಬೆ ಹೈಕೋರ್ಟಿನಲ್ಲಿ ಈ ಪ್ರಕರಣ ಕೇಳಿದ ನ್ಯಾಯಮೂರ್ತಿ ಪಿ.ಬಿ. ಸಾವಂತ್ ಅವರಿದ್ದ ಪೀಠ ಸೆಕ್ಷನ್ನೇ ಸಂವಿಧಾನಬಾಹಿರ ಎಂದಿತು. ಈ ಕಾನ್‌ಸ್ಟೆಬಲ್ಲನನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತಾನೆ.

ಆಂಧ್ರ ಹೈಕೋರ್ಟು ಮಾತ್ರ ಸೆಕ್ಷನ್ ಸರಿಯಾಗಿಯೇ ಇದೆ ಎಂದಿತು. 1994ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಅದನ್ನು ಹೊಡೆದುಹಾಕಿದರು. ಎರಡೇ ವರ್ಷ. ಇನ್ನೊಬ್ಬರ ಆತ್ಮಹತ್ಯೆಗೆ ಪ್ರಚೋದನೆ ಕೊಟ್ಟ ಆರೋಪದಲ್ಲಿ ಶಿಕ್ಷೆಗೊಳಗಾಗಿದ್ದ ಗ್ಯಾನ್ ಕೌರ್ ದಂಪತಿ ಪಂಜಾಬಿನಿಂದ ಬಂದರು. ಅವರ ಪರ ವಾದ ಜಾಣತನದ್ದು: ಸಾಯುವುದು ಹಕ್ಕೇ ಆದರೆ, ಹಕ್ಕು ಚಲಾಯಿಸಲು ನೆರವಾಗುವುದು ಅಪರಾಧ ಹೇಗೆ? ಐವರು ನ್ಯಾಯಮೂರ್ತಿಗಳ ಪೀಠ 1996ರ ಗ್ಯಾನ್ ಕೌರ್ ತೀರ್ಪಿನಲ್ಲಿ ಬುಡಕ್ಕೇ ಹೋಗಿ, ಬದುಕುವ ಹಕ್ಕಿನಲ್ಲಿ ಸಾಯುವ ಹಕ್ಕು ಸೇರಿಲ್ಲ ಎಂದಿತು. ಸೊಸೆಯರನ್ನು ಸಾವಿಗೆ ದೂಡುವವರಿಗೆ ದಾರಿ ಬಿಡಬಾರದು ಎಂಬ ಕಾಳಜಿಯಲ್ಲಿ ತಪ್ಪಿಲ್ಲ. ಆದರೆ ಅದರ ಜೊತೆಗೆ 309 ಕೂಡ ಜೀವ ಪಡೆಯಿತು.

ಹಕ್ಕು ಹೌದೋ ಅಲ್ಲವೋ ಎಂಬ ಜಗ್ಗಾಟದಲ್ಲಿ ಸರಳ ಸಂಗತಿಯೊಂದು ಕಳೆದುಹೋಗಿತ್ತು. ಹಕ್ಕಲ್ಲದ್ದೆಲ್ಲ ಅಪರಾಧವಾಗಬೇಕಿಲ್ಲ. ಅಲ್ಲಿಗೆ ಬಂದುಮುಟ್ಟಿದ್ದು ಕೋರ್ಟಲ್ಲ, ಮಾನಸಿಕ ಆರೋಗ್ಯದ ಕಾನೂನು.

ಆ ಕಾನೂನಿನ ಹಿಂದಿನ ಚರಿತ್ರೆಯೇನೂ ಹೆಮ್ಮೆಪಡುವಂಥದ್ದಲ್ಲ. 1912ರ ಲೂನಸಿ ಕಾಯ್ದೆಯಲ್ಲಿ ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ಮನುಷ್ಯನನ್ನು ಅಸೈಲಂಗೆ ಸೇರಿಸಬಹುದಿತ್ತು. ಉತ್ತರ ಕರ್ನಾಟಕದಲ್ಲಿ ಯಾರಾದರೂ ‘ಇವನ್ನ ಧಾರವಾಡಕ್ಕ ಕಳಸಬೇಕು’ ಎಂದರೆ ಅದು ಅಲ್ಲಿನ ಮಾನಸಿಕ ಆಸ್ಪತ್ರೆಗೆ ಎಂದು ಬಿಡಿಸಿ ಹೇಳಬೇಕಾಗಿಲ್ಲ; ಭಯ ಮಾತಿನೊಳಗೇ ಕೂತಿದೆ. 1987ರ ಮಾನಸಿಕ ಆರೋಗ್ಯ ಕಾಯ್ದೆ ಹೆಸರು ಬದಲಿಸಿತು. ಮನೆಯವರ ಅರ್ಜಿ, ವೈದ್ಯರ ಎರಡು ಸರ್ಟಿಫಿಕೇಟು ಇದ್ದರೆ 90 ದಿನ ಒಳಗಿಡಬಹುದಿತ್ತು. ಅಷ್ಟೂ ಇಲ್ಲದ ಜಾಗಗಳಿದ್ದವು. 2001ರ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ಏರವಾಡಿಯಲ್ಲಿ, ದರ್ಗಾದ ಆಸುಪಾಸಿನ ಒಂದು ಖಾಸಗಿ ಗುಡಿಸಲು ‘ಆಶ್ರಮ’ಕ್ಕೆ ಬೆಂಕಿ ಬಿತ್ತು. ಒಳಗಿದ್ದವರನ್ನು ಸರಪಳಿಯಲ್ಲಿ ಕಟ್ಟಿಹಾಕಿದ್ದರು. ಸತ್ತವರು 28 ಮಂದಿ.

2007ರಲ್ಲಿ ಭಾರತ ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆ ಒಡಂಬಡಿಕೆಯನ್ನು ಒಪ್ಪಿದ ಮೇಲೆ ಹಳೆಯ ಕಾಯ್ದೆಯನ್ನು ಇಟ್ಟುಕೊಳ್ಳಲು ನೆಪವೇ ಉಳಿಯಲಿಲ್ಲ. ಅದರ ಫಲ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಜಾರಿಗೆ ಬಂದದ್ದು 2018ರ ಮೇ 29ಕ್ಕೆ. ಅದರ 115ನೇ ಸೆಕ್ಷನ್ 309ರ ಹಲ್ಲು ಕಿತ್ತಿತು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಬೇರೆಯೆಂದು ಸಾಬೀತಾಗದ ಹೊರತು ವಿಚಾರಣೆಯೂ ಇಲ್ಲ, ಶಿಕ್ಷೆಯೂ ಇಲ್ಲ. ಅವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಕೊಡುವುದು ಸರ್ಕಾರದ ಕರ್ತವ್ಯ ಎಂದೂ ಸೇರಿಸಿತು. 309 ಮಾತ್ರ ಪುಸ್ತಕದಲ್ಲಿ ಹಾಗೇ ಇತ್ತು, ಎಫ್‌ಐಆರ್‌ಗಳೂ ಬೀಳುತ್ತಲೇ ಇದ್ದವು.

ಹಾಗಾದರೆ ಹಿಡಿದಿಡುವ ಅಧಿಕಾರ ಹೋಯಿತೇ? ಇಲ್ಲ. ಪೊಲೀಸರ ಕೈಯಿಂದ ವೈದ್ಯರ ಕೈಗೆ ಬಂತು, ಮತ್ತು ದಿನಗಳ ಲೆಕ್ಕಕ್ಕೆ ಸಿಕ್ಕಿತು. ತುರ್ತಿನಲ್ಲಿ ರೋಗಿಯ ಒಪ್ಪಿಗೆಗೆ ಕಾಯದೆ ಚಿಕಿತ್ಸೆ ಕೊಡಬಹುದು, ಸಾಮಾನ್ಯವಾಗಿ 72 ಗಂಟೆ ಮಾತ್ರ. ಕಾಯಿಲೆಯ ತೀವ್ರತೆಯಲ್ಲಿ ತನಗೇ ಅಪಾಯ ಮಾಡಿಕೊಳ್ಳಲು ಹೊರಟವರನ್ನು, ಅವರ ಪ್ರತಿನಿಧಿಯ ಅರ್ಜಿಯ ಮೇಲೆ, ಒಬ್ಬ ಮನೋವೈದ್ಯರೂ ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರು ಅಥವಾ ವೈದ್ಯರೂ ಬೇರೆಬೇರೆಯಾಗಿ ಪರೀಕ್ಷಿಸಿ ಒಪ್ಪಿದರೆ 30 ದಿನದವರೆಗೆ ದಾಖಲಿಸಿಕೊಳ್ಳಬಹುದು. ಹೆಂಗಸರು, ಮಕ್ಕಳಾದರೆ ಮೂರು ದಿನದಲ್ಲಿ, ಉಳಿದವರಾದರೆ ಏಳು ದಿನದಲ್ಲಿ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ಮಂಡಳಿಯ ಅಧ್ಯಕ್ಷರು ಜಿಲ್ಲಾ ನ್ಯಾಯಾಧೀಶರ ದರ್ಜೆಯವರು. 30 ದಿನ ದಾಟಿದರೆ ಮಂಡಳಿಯ ಅನುಮತಿಯೇ ಬೇಕು. ಸರಪಳಿಯಂತೂ ಯಾವ ರೂಪದಲ್ಲೂ ಕೂಡದು. ಪೊಲೀಸರು ಇಂಥ ಸ್ಥಿತಿಯಲ್ಲಿ ತಮಗೆ ಸಿಕ್ಕವರನ್ನು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸಬೇಕು, ಲಾಕಪ್ಪಿನಲ್ಲಿ ಇಡುವಂತಿಲ್ಲ.

ಕಾಗದದ ಮೇಲೆ ಇದು ಒಳ್ಳೆಯ ಕಾನೂನು. ಆದರೆ ಮಂಡಳಿಗಳನ್ನೇ ರಚಿಸದೆ ರಾಜ್ಯಗಳು ವರ್ಷಗಟ್ಟಲೆ ಕೂತವು. ಮಂಡಳಿ ಇಲ್ಲದ ಊರಿನಲ್ಲಿ ಆ ದಿನಗಳ ಲೆಕ್ಕವನ್ನು ಯಾರಿಗೆ ಒಪ್ಪಿಸುವುದು?

2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಯಾಗಿ 309 ಹೋಯಿತು. ಪೂರ್ತಿ ಹೋಗಲಿಲ್ಲ. ಹೊಸ ಸಂಹಿತೆಯ 226ನೇ ಸೆಕ್ಷನ್, ಸರ್ಕಾರಿ ನೌಕರನನ್ನು ಮಣಿಸಲು ಅಥವಾ ಅವನ ಕೆಲಸ ತಡೆಯಲು ಆತ್ಮಹತ್ಯೆಗೆ ಯತ್ನಿಸಿದರೆ ಒಂದು ವರ್ಷದವರೆಗೆ ಸಾದಾ ಸಜೆ, ದಂಡ ಅಥವಾ ಸಮುದಾಯ ಸೇವೆ ಎನ್ನುತ್ತದೆ. ಈಗ ಮುಂಬೈಯ ಕಾನ್‌ಸ್ಟೆಬಲ್ಲನನ್ನು ಕರೆಯಿರಿ. ಪಾಲಿಕೆ ಕಚೇರಿ, ಪರವಾನಗಿ, ಒಳಗೆ ಬಿಡದ ಅಧಿಕಾರಿ. 1986ರಲ್ಲಿ ಹೈಕೋರ್ಟು ಬಿಡಿಸಿದ ಅದೇ ಮನುಷ್ಯನ ಮೇಲೆ ಇವತ್ತು ಹೊಸ ಸೆಕ್ಷನ್ ಹಾಕಬಹುದು. ಜಿಲ್ಲಾಧಿಕಾರಿ ಕಚೇರಿಯ ಮುಂದೆ ಕಡತಕ್ಕಾಗಿ ಅಲೆದು ಅಲೆದು ಸೋತವರ ಮೇಲೂ ಹಾಕಬಹುದು. ತಾಲ್ಲೂಕು ಕಚೇರಿಯಲ್ಲಿ ಅಲೆದವರಿಗೆ ಆ ಸೋಲು ಗೊತ್ತು. ಮನೆಯಲ್ಲಿ ಕುಸಿದವನು ರೋಗಿ, ಕಚೇರಿ ಮುಂದೆ ಕುಸಿದವನು ಅಪರಾಧಿ ಎಂಬ ಈ ಗೆರೆಯನ್ನು ನಾನು ಒಪ್ಪಲಾರೆ. 226 ಕೂಡ ಹೋಗಬೇಕು.

ಕಾನೂನಿಗೆ ಕಾಯದೆ ಇವತ್ತೇ ಆಗುವ ಕೆಲಸವೊಂದಿದೆ. ನಿಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ಯಾರಾದರೂ ಇಂಥ ಯತ್ನ ಮಾಡಿ ಉಳಿದಿದ್ದರೆ ವೈದ್ಯರ ಹತ್ತಿರ ಇದ್ದದ್ದನ್ನು ಇದ್ದ ಹಾಗೇ ಹೇಳಿ, ಮನೋವೈದ್ಯರನ್ನು ಕಾಣಿಸದೆ ಮನೆಗೆ ಕರೆತರಬೇಡಿ. ನಿಮಗೇ ಸಾಕಪ್ಪಾ ಅನ್ನಿಸುತ್ತಿದ್ದರೆ ಹತ್ತಿರದವರ ಬಳಿ ಬಾಯಿಬಿಟ್ಟು ಹೇಳಿ. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲಿರುಳೂ ಇರುತ್ತದೆ, ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.