ಬುದ್ಧಿ ಹಲ್ಲು ಕೀಳಿಸಿದ ಮೇಲೆ: ಔಷಧಿ ಚೀಟಿಯಲ್ಲಿ ಇರೋದು, ಇಲ್ಲದಿರೋದು

ಹಲ್ಲು ಕೀಳಿಸಿದ ಮೂರನೇ ದಿನ ಕನ್ನಡಿ ನೋಡಿಕೊಂಡರೆ, ಎಡಗೆನ್ನೆಯೊಳಗೆ ನಿಂಬೆಹಣ್ಣು ಇಟ್ಟುಕೊಂಡ ಹಾಗೆ ಊದಿತ್ತು. ಮೊದಲ ದಿನ ಇಷ್ಟಿರಲಿಲ್ಲ. ಗಾಬರಿಯಾಗಿ ಡಾಕ್ಟರಿಗೆ ಫೋನ್ ಮಾಡಿದೆ. ‘ಜ್ವರ ಇದೆಯಾ? ನೀರು ನುಂಗೋಕೆ ಆಗ್ತಿದೆಯಾ?’ ಅಂತ ಕೇಳಿ, ‘ಹಾಗಾದರೆ ನಾಳೆಯಿಂದ ಇಳಿಯುತ್ತೆ ಬಿಡಿ’ ಅಂದರು. ಇಳಿಯಿತು. ಈ ಮಾತನ್ನು ಮೊದಲೇ ಹೇಳಿದ್ದರೆ ಒಂದು ರಾತ್ರಿಯ ನಿದ್ದೆ ಉಳಿಯುತ್ತಿತ್ತು.

ಬುದ್ಧಿ ಹಲ್ಲು ಸಾಮಾನ್ಯವಾಗಿ 17ರಿಂದ 25ರ ವಯಸ್ಸಿನಲ್ಲಿ ಬರುತ್ತದೆ. ಅಂದರೆ ಇದನ್ನು ಓದುತ್ತಿರುವ ಹಲವರಿಗೆ ಈ ಸರದಿ ಹತ್ತಿರದಲ್ಲೇ ಇದೆ. ಹಾಗಾಗಿ ಯಾವುದು ಕೆಲಸ ಮಾಡುತ್ತೆ, ಯಾವುದು ಮಾಡಲ್ಲ ಅಂತ ನೋಡೋಣ.

ಊತಕ್ಕೆ ಒಂದು ವೇಳಾಪಟ್ಟಿ ಇದೆ

ದವಡೆಯಲ್ಲಿ ಅಡ್ಡ ಸಿಕ್ಕಿಕೊಂಡ ಹಲ್ಲನ್ನು ತೆಗೆಯಲು ವಸಡು ಕೊಯ್ದು, ಎಷ್ಟೋ ಸಲ ಮೂಳೆಯನ್ನೂ ಕೊರೆಯಬೇಕಾಗುತ್ತದೆ. ಆ ಗಾಯ ಮಾಯಿಸಲು ದೇಹ ಮಾಡುವ ಕೆಲಸದ ಭಾಗವೇ ಊತ. ಅದು ಎರಡು ಮೂರನೇ ದಿನ ಹೆಚ್ಚಾಗಿ, ಆಮೇಲೆ ಇಳಿಯುತ್ತಾ ವಾರದೊಳಗೆ ಬಹುಪಾಲು ಹೋಗುತ್ತದೆ.

ಮೊದಲ 24 ಗಂಟೆಯಲ್ಲಿ ಮುಖ್ಯವಾದದ್ದು ಗುಂಡಿಯಲ್ಲಿ ಹೆಪ್ಪುಗಟ್ಟಿದ ರಕ್ತ. ಅದು ಗಾಯದ ಮುಚ್ಚಳ. ಡಾಕ್ಟರ್ ಇಟ್ಟ ಬಟ್ಟೆಯನ್ನು ಅವರು ಹೇಳಿದಷ್ಟು ಹೊತ್ತು, ಸುಮಾರು ಅರ್ಧ ಗಂಟೆ ಮುಕ್ಕಾಲು ಗಂಟೆ, ಕಚ್ಚಿಕೊಂಡಿರಿ. ಉಗುಳಬೇಡಿ, ಬಾಯಿ ಮುಕ್ಕಳಿಸಬೇಡಿ, ಸ್ಟ್ರಾ ಹಾಕಿ ಕುಡಿಯಬೇಡಿ. ಸಿಗರೇಟು, ಗುಟ್ಕಾ ಈ ವಾರ ಬೇಡವೇ ಬೇಡ. ಮುಚ್ಚಳ ಕಿತ್ತುಹೋದರೆ ಮೂಳೆ ಬಯಲಾಗಿ, ಮೂರರಿಂದ ಐದನೇ ದಿನದ ಹೊತ್ತಿಗೆ ಕಿವಿವರೆಗೆ ಹರಿಯುವ ನೋವು ಶುರುವಾಗಬಹುದು. ಡಾಕ್ಟರುಗಳು ಇದನ್ನು ‘ಡ್ರೈ ಸಾಕೆಟ್’ ಅನ್ನುತ್ತಾರೆ.

ಬಟ್ಟೆಯಲ್ಲಿ ಸುತ್ತಿದ ಐಸನ್ನು ಕೆನ್ನೆಯ ಹೊರಗೆ 15–20 ನಿಮಿಷ ಇಡಿ, ಅಷ್ಟೇ ಹೊತ್ತು ಬಿಡಿ. ಇದು ಮೊದಲ ಒಂದೆರಡು ದಿನಕ್ಕೆ ಮಾತ್ರ. ಮನೆಯಲ್ಲಿ ಅಜ್ಜಿ ‘ಬಿಸಿ ಶಾಖ ಕೊಡ್ತೀನಿ ಬಾ’ ಅಂದರೆ ಎರಡು ದಿನ ತಡೆಯೋಕೆ ಹೇಳಿ. ತಲೆದಿಂಬು ಎರಡಿರಲಿ. ಊಟಕ್ಕೆ ತಣ್ಣಗಿನ ಮಜ್ಜಿಗೆ, ಆರಿದ ಗಂಜಿ, ಮೆತ್ತಗಿನ ಅನ್ನ. ಒಂದು ದಿನ ಕಳೆದ ಮೇಲೆ ಊಟವಾದಾಗಲೆಲ್ಲ ಉಗುರುಬೆಚ್ಚಗಿನ ಉಪ್ಪು ನೀರನ್ನು ಬಾಯಲ್ಲಿ ನಿಧಾನ ಆಡಿಸಿ ಬಿಟ್ಟುಬಿಡಿ.

ಚೀಟಿಯಲ್ಲಿ ಇರೋದು

ಜಗತ್ತಿನಲ್ಲಿ ಹೊಸ ನೋವಿನ ಮಾತ್ರೆಗಳನ್ನು ಪರೀಕ್ಷಿಸಲು ಹೆಚ್ಚಾಗಿ ಬಳಸುವುದು ಬುದ್ಧಿ ಹಲ್ಲು ತೆಗೆದ ನೋವನ್ನೇ. ಹಾಗಾಗಿ ಪುರಾವೆಗೆ ಕೊರತೆಯಿಲ್ಲ. ಕೆಳದವಡೆಯ ಬುದ್ಧಿ ಹಲ್ಲಿನ ನೋವಿಗೆ ಪ್ಯಾರಾಸಿಟಮಾಲ್‌ಗಿಂತ ಐಬುಪ್ರೊಫೆನ್ ಹೆಚ್ಚು ಪರಿಣಾಮಕಾರಿ ಎಂದು 2013ರ ಕಾಕ್ರೇನ್ ವಿಮರ್ಶೆ ಹೇಳಿತು. ಅಮೆರಿಕದ ದಂತವೈದ್ಯರ ಸಂಘ 2024ರಲ್ಲಿ ಒಪ್ಪಿದ ಮಾರ್ಗಸೂಚಿಯೂ ಈ ಬಗೆಯ ಮಾತ್ರೆಯನ್ನೇ, ಒಂಟಿಯಾಗಿ ಇಲ್ಲವೇ ಪ್ಯಾರಾಸಿಟಮಾಲ್ ಜೊತೆ, ಓಪಿಯಾಯ್ಡ್‌ಗಳಿಗಿಂತ ಮೊದಲು ಕೊಡಲು ಹೇಳುತ್ತದೆ. ಎರಡೂ ಅಗ್ಗದ ಮಾತ್ರೆಗಳು. ಮರಗಟ್ಟಿದ್ದು ಬಿಡುವ ಮೊದಲೇ ಮೊದಲ ಡೋಸ್ ತಗೊಳ್ಳೋದು ಒಳ್ಳೆಯದು. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಅಸ್ತಮಾ ಇರುವವರು, ಗರ್ಭಿಣಿಯರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಕೇಳದೆ ಐಬುಪ್ರೊಫೆನ್ ತಗೋಬಾರದು.

ಇನ್ನು ನಿಮ್ಮ ಕೈಯಲ್ಲಿರುವ ಸ್ಟ್ರಿಪ್ ತಿರುಗಿಸಿ ನೋಡಿ. ಹಲವದರಲ್ಲಿ ನೋವಿನ ಔಷಧಿಯ ಜೊತೆ ‘ಸೆರಾಶಿಯೊಪೆಪ್ಟಿಡೇಸ್’ ಅಂತ ಇರುತ್ತದೆ. ಊತ ಇಳಿಸುತ್ತೆ ಅಂತ ಮಾರುವ ಕಿಣ್ವ ಇದು. ಇದನ್ನು ಜಪಾನಿನಲ್ಲಿ ಮಾರುತ್ತಿದ್ದ ಟಕೇಡಾ ಕಂಪನಿ, ಪರೀಕ್ಷೆಯಲ್ಲಿ ಅದು ಸುಳ್ಳುಮಾತ್ರೆಗಿಂತ ಮೇಲೆಂದು ಸಾಬೀತಾಗದ ಕಾರಣ 2011ರಲ್ಲಿ ತಾನೇ ಹಿಂದಕ್ಕೆ ಪಡೆಯಿತು. ನಮ್ಮಲ್ಲಿ ಅದು ಈಗಲೂ ಮೂರು ಔಷಧಿಗಳ ಒಂದೇ ಮಾತ್ರೆಯಾಗಿ ಮಾರಾಟವಾಗುತ್ತಿದೆ. ಇಂಥ ಮಾತ್ರೆಯೊಳಗೆ ಪ್ಯಾರಾಸಿಟಮಾಲ್ ಅಡಗಿರೋದರಿಂದ, ಅದನ್ನು ಬೇರೆಯಾಗಿಯೂ ನುಂಗಿದರೆ ಲೆಕ್ಕ ತಪ್ಪುತ್ತದೆ.

ಆ್ಯಂಟಿಬಯೋಟಿಕ್ ಸೋಂಕಿಗೆ, ಊತಕ್ಕಲ್ಲ. ಬರೆದುಕೊಟ್ಟಿದ್ದರೆ ‘ಇದು ಯಾತಕ್ಕೆ?’ ಅಂತ ಕೇಳಿ. ಸಕಾರಣ ಇರಬಹುದು. ಕೇಳೋದು ನಿಮ್ಮ ಹಕ್ಕು.

ಅಮುಕಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಮೂರು ದಿನದ ಮೇಲೂ ಊತ ಏರುತ್ತಿದ್ದರೆ, ಜ್ವರ ಬಂದರೆ, ನೋವು ಮತ್ತೆ ಹೆಚ್ಚಾದರೆ ಡಾಕ್ಟರಿಗೆ ತೋರಿಸಿ. ನುಂಗಲು, ಉಸಿರಾಡಲು ಕಷ್ಟವಾದರೆ ನೇರ ಎಮರ್ಜೆನ್ಸಿಗೆ ಹೋಗಿ.

ಚೀಟಿಯಲ್ಲಿ ಇಲ್ಲದಿರೋದು

ಕ್ಲಿನಿಕ್‌ನಲ್ಲಿ ನನ್ನ ಪಕ್ಕ ಕೂತಿದ್ದ ಡೆಲಿವರಿ ಹುಡುಗ ಡಾಕ್ಟರಿಗೆ ಕೇಳಿದ್ದು ಒಂದೇ ಪ್ರಶ್ನೆ: ‘ಸರ್, ಸಂಜೆಗೆ ಹೆಲ್ಮೆಟ್ ಹಾಕ್ಬೋದಾ?’ ‘ಮೂರು ದಿನ ರೆಸ್ಟ್ ಮಾಡಪ್ಪ’ ಅಂದರು. ಅವನು ಸುಮ್ಮನೆ ತಲೆಯಾಡಿಸಿದ.

ನನಗೆ ಸಿಕ್ ಲೀವ್ ಇತ್ತು. ಇಎಸ್‌ಐ ವ್ಯಾಪ್ತಿಯಲ್ಲಿರುವ ನೌಕರರಿಗೆ ಕಾಯಿಲೆ ರಜೆಯಲ್ಲಿ ಸಂಬಳದ ಶೇ 70ರಷ್ಟು ಪರಿಹಾರದ ವ್ಯವಸ್ಥೆಯಾದರೂ ಇದೆ. ಅವನನ್ನು ಕಂಪನಿ ಕರೆಯೋದು ‘ಪಾರ್ಟ್‌ನರ್’ ಅಂತ. ಆ್ಯಪ್‌ಗೆ ಲಾಗಿನ್ ಆಗದ ದಿನ ದುಡ್ಡಿಲ್ಲ. ಐಸು, ಗಂಜಿ, ಅಗ್ಗದ ಮಾತ್ರೆ ಅವನಿಗೂ ಸಿಗುತ್ತವೆ. ಸಿಗದೇ ಇರೋದು ಆ ಮೂರು ದಿನ.

ರಾಜ್ಯದ 2025ರ ಗಿಗ್ ಕಾರ್ಮಿಕರ ಕಾನೂನಿನಲ್ಲಿ ಆ್ಯಪ್ ಕಂಪನಿಗಳಿಂದ ಶೇ 1ರಿಂದ 5ರಷ್ಟು ಶುಲ್ಕ ವಸೂಲಿ ಮಾಡಿ ಕಲ್ಯಾಣ ನಿಧಿ ಕಟ್ಟಲು ಅವಕಾಶವಿದೆ. ಆ ನಿಧಿಯಿಂದ ಏನೇನು ಕೊಡಬೇಕು ಅನ್ನೋ ಚರ್ಚೆ ಬಂದಾಗಲೆಲ್ಲ, ಸಂಪಾದನೆ ಕಳೆದುಕೊಳ್ಳದೆ ಮೂರು ದಿನ ಮಲಗುವ ಹಕ್ಕನ್ನೂ ಪಟ್ಟಿಗೆ ಸೇರಿಸಿ ಅಂತ ನಾವು ಕೇಳಬೇಕು.