‘ಚೆನ್ನಾಗಿ ಓಡು’ ಎಂದರೆ ಸಾಕೇ?

ಕಳೆದ ವರ್ಷ ಒಬ್ಬ ತಂದೆ ತಮ್ಮ ಇಪ್ಪತ್ತೊಂದು ವರ್ಷದ ಮಗನನ್ನು ನನ್ನ ದವಾಖಾನೆಗೆ ಕರೆತಂದರು. ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ ಓಟದಲ್ಲಿ ಹುಡುಗ ಒಮ್ಮೆ ಅನುತ್ತೀರ್ಣನಾಗಿದ್ದ. “ದಿನಾ ಓಡ್ತಾನೆ ಹಕೀಂ ಸಾಹೇಬ್ರೆ, ಆದ್ರೂ ಆಗ್ತಾ ಇಲ್ಲ. ಶಕ್ತಿ ಬರೋಕೆ ಮಾಜೂನ್ ಏನಾದ್ರೂ ಕೊಡಿ” ಎಂದರು ತಂದೆ.

“ಎಷ್ಟು ದೂರ ಓಡ್ತೀಯಪ್ಪಾ? ಎಷ್ಟು ನಿಮಿಷದಲ್ಲಿ?” ಎಂದು ಹುಡುಗನನ್ನು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಸುಸ್ತಾಗುವವರೆಗೆ ಓಡುತ್ತಿದ್ದ, ಅಷ್ಟೇ. ಮೊಣಕಾಲ ಕೆಳಗಿನ ಎಲುಬು ನೋಯತೊಡಗಿತ್ತು. ಅವನಿಗೆ ಬೇಕಿದ್ದುದು ಮಾಜೂನ್ ಅಲ್ಲ. ಕೆಲವು ದಿನಗಳ ವಿಶ್ರಾಂತಿ, ಒಂದು ಗಡಿಯಾರ ಮತ್ತು ಒಂದು ನೋಟ್‌ಬುಕ್.

‘ನಿನ್ನಿಂದಾದಷ್ಟು ಮಾಡು’ ಎನ್ನುವುದಕ್ಕಿಂತ ಸ್ಪಷ್ಟವಾದ, ತುಸು ಕಠಿಣವಾದ ಗುರಿ ಕೊಟ್ಟಾಗ ಮನುಷ್ಯ ಹೆಚ್ಚು ಸಾಧಿಸುತ್ತಾನೆ ಎಂಬುದನ್ನು ಮನಶ್ಶಾಸ್ತ್ರಜ್ಞರಾದ ಎಡ್ವಿನ್ ಲಾಕ್ ಮತ್ತು ಗ್ಯಾರಿ ಲ್ಯಾಥಮ್ ದಶಕಗಳ ಅಧ್ಯಯನದಿಂದ ತೋರಿಸಿದ್ದಾರೆ. ಗುರಿಯಲ್ಲಿ ಅಂಕಿ ಇರಬೇಕು, ಗಡುವು ಇರಬೇಕು.

ಆ ಹುಡುಗನ ಲೆಕ್ಕವನ್ನೇ ನೋಡಿ. 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕಿತ್ತು. ಅಂದರೆ 400 ಮೀಟರ್ ಮೈದಾನದ ನಾಲ್ಕು ಸುತ್ತು. ಸುತ್ತಿಗೆ ಸುಮಾರು 97 ಸೆಕೆಂಡು. ನೋವು ಇಳಿದ ಮೇಲೆ ಅಳೆದಾಗ ಅವನ ಸಮಯ 7 ನಿಮಿಷ 40 ಸೆಕೆಂಡು. ಒಮ್ಮೆಲೇ 70 ಸೆಕೆಂಡು ಇಳಿಸುವುದು ಆಗದ ಮಾತು. ಹಾಗಾಗಿ ಮೂರು ಮೆಟ್ಟಿಲು ಮಾಡಿದೆವು: ನಾಲ್ಕು ವಾರಕ್ಕೆ 7.10, ಎಂಟು ವಾರಕ್ಕೆ 6.45, ಹನ್ನೆರಡು ವಾರಕ್ಕೆ 6.25.

ಆದರೆ ಸಮಯ ಪೂರ್ತಿ ನಮ್ಮ ಕೈಯಲ್ಲಿಲ್ಲ. ಇವತ್ತು ಏನು ಮಾಡಬೇಕು ಎಂಬುದು ಮಾತ್ರ ನಮ್ಮ ಕೈಯಲ್ಲಿದೆ. ಆದ್ದರಿಂದ ಎರಡನೆಯ ಪಟ್ಟಿಯೂ ಬೇಕು:

• ವಾರಕ್ಕೊಂದು ದಿನ 400 ಮೀಟರಿನ ನಾಲ್ಕು ವೇಗದ ಓಟ, ನಡುವೆ ಎರಡು ಮೂರು ನಿಮಿಷ ನಡಿಗೆ.
• ಎರಡು ದಿನ ಮಾತಾಡಲು ಆಗುವಷ್ಟು ನಿಧಾನವಾಗಿ ಅರ್ಧ ಗಂಟೆ ಓಟ.
• ಎರಡು ವಾರಕ್ಕೊಮ್ಮೆ ಗಡಿಯಾರ ಹಿಡಿದು 1600 ಮೀಟರ್.
• ರಾತ್ರಿ ಎಂಟು ಗಂಟೆ ನಿದ್ದೆ, ಹಾಸಿಗೆಗೆ ಮೊಬೈಲ್ ಬೇಡ.

ದಿನದ ಕೊನೆಗೆ ಓಡಿದ ದೂರ, ಹಿಡಿದ ಸಮಯ, ನೋವಿದ್ದರೆ ಎಲ್ಲಿ ಎಂಬುದನ್ನು ಬರೆದಿಡಿ.

ಯುನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಅಗತ್ಯವಾದ ಆರು ಸಂಗತಿಗಳನ್ನು ಅಸ್ಬಾಬೆ ಸಿತ್ತಾ ಝರೂರಿಯಾ ಎನ್ನುತ್ತೇವೆ. ದೇಹದ ಚಲನೆ ಮತ್ತು ವಿಶ್ರಾಂತಿ ಅದರಲ್ಲಿ ಒಂದೇ ಜೋಡಿ. ಎರಡನ್ನೂ ಒಟ್ಟಿಗೇ ಹೇಳಿರುವುದನ್ನು ಗಮನಿಸಿ. 1037ರಲ್ಲಿ ತೀರಿಕೊಂಡ ಇಬ್ನ್ ಸೀನಾ ತಮ್ಮ ‘ಅಲ್ ಕಾನೂನ್’ನಲ್ಲಿ ವ್ಯಾಯಾಮದ ಬಗ್ಗೆ ಬರೆಯುವಾಗ, ಅದಕ್ಕೂ ಒಂದು ಮಿತಿ ಹೇಳುತ್ತಾರೆ: ಮುಖದಲ್ಲಿ ಕಳೆ ಇದ್ದು ಚಲನೆ ಹಗುರವಾಗಿರುವಷ್ಟು ಹೊತ್ತು ಮಾತ್ರ. ವಿಶ್ರಾಂತಿಯ ದಿನವೂ ಗುರಿಯ ಭಾಗವೇ, ಸೋಮಾರಿತನವಲ್ಲ.

ತಂದೆ ತಾಯಂದಿರಿಗೆ ಒಂದು ಮಾತು. ಪಕ್ಕದ ಮನೆಯ ಹುಡುಗನ ಸಮಯವನ್ನು ನಿಮ್ಮ ಮಗನ ಗುರಿ ಮಾಡಬೇಡಿ. ಅವನ ಹಿಂದಿನ ತಿಂಗಳ ಸಮಯದೊಂದಿಗೆ ಹೋಲಿಸಿ. ಶಾಲೆಯ ಕ್ರೀಡಾಕೂಟಕ್ಕೆ ಸಿದ್ಧಳಾಗುವ ಮಗಳಿಗೂ ಹೀಗೇ ಗುರಿ ಬರೆದುಕೊಡಿ. ಅವಳು ಬೇಗ ಏದುಸಿರು ಬಿಟ್ಟು ಸುಸ್ತಾದರೆ ‘ಅಭ್ಯಾಸ ಸಾಲದು’ ಎಂದು ಬೈಯುವ ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ರಕ್ತಹೀನತೆ ಇರುವಾಗ ಎಷ್ಟು ಓಡಿಸಿದರೂ ವೇಗ ಬರದು.

ಓಡುವಾಗ ಎದೆನೋವು, ತಲೆ ಸುತ್ತಿ ಬೀಳುವುದು, ಎದೆಬಡಿತ ಏರುಪೇರಾಗುವುದು ಕಂಡರೆ, ಅಥವಾ ಕುಟುಂಬದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿದ್ದರೆ, ಮೊದಲು ಹೃದಯ ತಜ್ಞರನ್ನು ಕಾಣಿ. ಎಲುಬಿನ ಒಂದೇ ಜಾಗ ಒತ್ತಿದರೆ ನೋಯುತ್ತಿದ್ದರೆ ಓಟ ನಿಲ್ಲಿಸಿ ತೋರಿಸಿ.

ಆ ಹುಡುಗನಿಗೆ ಹನ್ನೆರಡು ವಾರ ಸಾಲಲಿಲ್ಲ, ಹದಿನಾಲ್ಕು ಬೇಕಾಯಿತು. ನೋಟ್‌ಬುಕ್ ಹಿಡಿದು ಬಂದು 6.24 ಎಂದು ಬರೆದಿದ್ದ ಸಾಲನ್ನು ತೋರಿಸಿದ. ಮುಂದಿನ ನೇಮಕಾತಿಗೆ ಕಾಯುತ್ತಿದ್ದಾನೆ. ತಂದೆ ಮಾಜೂನಿನ ಮಾತು ಎತ್ತಲಿಲ್ಲ.

ನಿಮ್ಮ ಮನೆಯಲ್ಲೂ ಓಡುವವರಿದ್ದರೆ ಇವತ್ತೇ ಒಮ್ಮೆ ಸಮಯ ಅಳೆದು ಬರೆದಿಡಿ. ಮೊದಲ ಗುರಿ ಅಲ್ಲಿಂದಲೇ ಶುರುವಾಗಲಿ.